ರಾಜಕಾರಣ: ಶಬ್ದ, ಲಕ್ಷಣ, ಎಲ್ಲೆ

‘ಇದರಲ್ಲಿ ರಾಜಕೀಯ ಬೇಡ’ ಎಂಬ ಮಾತು ಸಹಕಾರ ಸಂಘದ ಸರ್ವಸದಸ್ಯರ ಸಭೆಯಲ್ಲಿಯೂ, ಶಾಲೆಯ ಆಡಳಿತ ಸಮಿತಿಯಲ್ಲಿಯೂ, ಊರ ಜಾತ್ರೆಯ ಏರ್ಪಾಡಿನಲ್ಲಿಯೂ ಸಮಾನವಾಗಿ ಕೇಳಿಬರುತ್ತದೆ. ಹಾಗೆ ಹೇಳುವವರು ತಾವು ರಾಜಕಾರಣವನ್ನು ದೂರವಿಡುತ್ತಿದ್ದೇವೆಂದು ಭಾವಿಸಿರುತ್ತಾರೆ. ವಾಸ್ತವದಲ್ಲಿ ಅವರು ರಾಜಕಾರಣಕ್ಕೆ ಒಂದು ಲಕ್ಷಣವನ್ನು ಹೇಳುತ್ತಿರುತ್ತಾರೆ. ಯಾವ ವಿಷಯವನ್ನು ಹತ್ತು ಜನರ ಮುಂದೆ ಚರ್ಚೆಗೆ ತರಬಹುದು, ಯಾವುದನ್ನು ತರಕೂಡದು ಎಂಬ ಎಲ್ಲೆಯನ್ನು ಆ ಮಾತು ಗೆರೆ ಎಳೆದು ತೋರಿಸುತ್ತದೆ. ಸಾಮಾನ್ಯವಾಗಿ ಅದು ಲೆಕ್ಕ ಕೇಳುವವನ ಬಾಯಿಂದ ಬರುವ ಮಾತಲ್ಲ, ಲೆಕ್ಕ ಒಪ್ಪಿಸಬೇಕಾದವನ ಬಾಯಿಂದ ಬರುವಂಥದು ಎಂಬುದೂ ಗಮನಾರ್ಹ. ರಾಜಕಾರಣವೆಂದರೇನು ಎಂಬ ಪ್ರಶ್ನೆಯನ್ನು ಕುರಿತು ಎರಡು ಸಾವಿರ ವರ್ಷಗಳಿಗೂ ಮೀರಿ ನಡೆದುಬಂದಿರುವ ವಿಚಾರಮಂಥನವನ್ನು ಪರಿಶೀಲಿಸಿದರೆ, ಅದು ಬಹುಮಟ್ಟಿಗೆ ಈ ಎಲ್ಲೆಯ ಇತಿಹಾಸವೇ ಆಗಿರುವುದು ಕಂಡುಬರುತ್ತದೆ. ಒಬ್ಬರು ಎಳೆದ ಗೆರೆಯ ಹೊರಗೆ ಮತ್ತೊಬ್ಬರು ನಿಂತಿದ್ದಾರೆ. ಹೊರಗೆ ನಿಂತವರು ಒಳಗೆ ಕಾಲಿಟ್ಟಾಗಲೆಲ್ಲ ಶಬ್ದದ ಅರ್ಥವು ಬದಲಾಗಿದೆ.

ಮೊದಲು ಶಬ್ದವನ್ನೇ ನೋಡಬಹುದು. ಕನ್ನಡದಲ್ಲಿ ರಾಜಕೀಯ, ರಾಜಕಾರಣ, ರಾಜನೀತಿ, ರಾಜ್ಯಶಾಸ್ತ್ರ ಎಂಬ ಶಬ್ದಗಳು ಸ್ವಲ್ಪ ಸ್ವಲ್ಪ ಅರ್ಥಭೇದದಿಂದ ಬಳಕೆಯಲ್ಲಿವೆ. ನಾಲ್ಕರಲ್ಲಿಯೂ ರಾಜನು ಕುಳಿತಿದ್ದಾನೆ. ತೆಲುಗಿನ ‘ರಾಜಕೀಯಾಲು’, ಹಿಂದಿ ಮತ್ತು ಬಂಗಾಳಿಗಳ ‘ರಾಜನೀತಿ’, ತಮಿಳಿನ ‘ಅರಸಿಯಲ್’ ಇವುಗಳ ಗತಿಯೂ ಅದೇ. ಮರಾಠಿಯಲ್ಲಿ ‘ರಾಜಕಾರಣ’ಕ್ಕೆ ಹಳೆಯ ಪ್ರಯೋಗಗಳಿವೆ, 17ನೆಯ ಶತಮಾನದ ಸಮರ್ಥ ರಾಮದಾಸರ ದಾಸಬೋಧದಲ್ಲಿ ರಾಜಕಾರಣ ನಿರೂಪಣವೆಂಬ ಪ್ರಕರಣವೇ ಉಂಟು. ಭಾರತೀಯ ಭಾಷೆಗಳ ಪೈಕಿ ಮಲೆಯಾಳವು ರಾಜನನ್ನು ಬಿಟ್ಟು ‘ರಾಷ್ಟ್ರೀಯಂ’ ಎಂದಿತು. ಉರ್ದುವಿನ ‘ಸಿಯಾಸತ್’ ಅರಬ್ಬೀ ಮೂಲದ ಶಬ್ದ. ಕುದುರೆಯನ್ನು ಪಳಗಿಸಿ ನೋಡಿಕೊಳ್ಳುವ ‘ಸಾಯಿಸ್’ ಎಂಬ ಶಬ್ದವೂ ಅದೇ ಧಾತುವಿನಿಂದ ಬಂದದ್ದು. ರಾಜನಿರಲಿ, ಸವಾರನಿರಲಿ, ಈ ಶಬ್ದಗಳೆಲ್ಲ ಆಳುವವನ ಕಡೆಯಿಂದ ನೋಡುತ್ತವೆ. ಆಳಿಸಿಕೊಳ್ಳುವವನ ಕಡೆಯಿಂದ ನೋಡಿ ಹುಟ್ಟಿದ ಶಬ್ದ ಇವುಗಳಲ್ಲಿ ಒಂದೂ ಇಲ್ಲ. ಆದರೆ ಶಬ್ದದಲ್ಲಿ ರಾಜನಿದ್ದಾನೆಂದ ಮಾತ್ರಕ್ಕೆ ಈ ನಾಡುಗಳ ಜನರು ಕೂಡಿ ನಿರ್ಣಯಿಸುವುದನ್ನೇ ಅರಿಯದವರೆಂದು ತೀರ್ಮಾನಿಸುವುದು ಅವಸರವಾದೀತು. ಆ ವಿಷಯ ಮುಂದೆ ಬರುತ್ತದೆ.

ಗ್ರೀಕರ ಶಬ್ದದ ಮೂಲ ಬೇರೆ. ‘ಪೊಲಿಸ್’ ಎಂದರೆ ಕೋಟೆಕೊತ್ತಲಗಳಿಂದ ಕೂಡಿದ ಪಟ್ಟಣ ಮತ್ತು ಅದರ ಸುತ್ತಣ ಹೊಲಗದ್ದೆಗಳು ಸೇರಿದ ನಗರರಾಜ್ಯ. ಅದಕ್ಕೆ ಸಂಬಂಧಿಸಿದ ಸಮಸ್ತವೂ ‘ಪೊಲಿಟಿಕ’. ಇಂದಿನ ಪೋಲೀಸಿನವನ ಹೆಸರೂ ಇದೇ ಮೂಲದಿಂದ ಸುತ್ತಿ ಬಳಸಿ ಬಂದದ್ದೆಂಬುದು ಭಾಷೆಯ ಒಂದು ವಿನೋದ. ಕ್ರಿ.ಪೂ. 508ರ ಸುಮಾರಿನಲ್ಲಿ ಕ್ಲೈಸ್ಥೆನೀಸನು ಮಾಡಿದ ಸುಧಾರಣೆಗಳ ತರುವಾಯ ಅಥೆನ್ಸಿನ ಪೌರರು ನ್ಯಿಕ್ಸ್ ಎಂಬ ಗುಡ್ಡದ ಮೇಲೆ ಸಭೆ ಸೇರಿ ಯುದ್ಧ, ಸಂಧಿ, ತೆರಿಗೆಗಳನ್ನು ತಾವೇ ನಿರ್ಣಯಿಸತೊಡಗಿದರು. ಕೆಲವು ವಿಶೇಷ ನಿರ್ಣಯಗಳಿಗೆ 6,000 ಜನರ ಹಾಜರಿ ಬೇಕಾಗಿತ್ತು. ನಿತ್ಯದ ವ್ಯವಹಾರವನ್ನು ನೋಡುವ 500 ಜನರ ಮಂಡಳಿಯನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಸಾರ್ವಜನಿಕ ವ್ಯವಹಾರಕ್ಕೆ ಬಾರದೆ ತನ್ನ ಪಾಡಿಗೆ ತಾನಿರುವವನನ್ನು ಗ್ರೀಕರು ‘ಇಡಿಯೊಟೀಸ್’ ಎನ್ನುತ್ತಿದ್ದರು. ಆ ಶಬ್ದವು ಇಂಗ್ಲಿಷಿಗೆ ಬರುವ ಹೊತ್ತಿಗೆ ಏನಾಯಿತೆಂಬುದನ್ನು ಹೇಳಬೇಕಾಗಿಲ್ಲ.

ಈ ಅನುಭವದಿಂದ ಲಕ್ಷಣವನ್ನು ಹಿಂಡಿ ತೆಗೆದವನು ಅರಿಸ್ಟಾಟಲ್ (ಕ್ರಿ.ಪೂ. 384-322). ತನ್ನ ‘ಪೊಲಿಟಿಕ’ ಗ್ರಂಥದ ಆರಂಭದಲ್ಲಿಯೇ ಅವನು ಒಂದು ಪ್ರಚಲಿತ ಅಭಿಪ್ರಾಯವನ್ನು ಖಂಡಿಸುತ್ತಾನೆ. ದೊಡ್ಡ ಮನೆಯನ್ನು ನಡೆಸುವ ಯಜಮಾನನಿಗೂ, ಗುಲಾಮರ ಒಡೆಯನಿಗೂ, ರಾಜನಿಗೂ, ರಾಜಕಾರಣಿಗೂ ಇರುವ ವ್ಯತ್ಯಾಸವು ಕೇವಲ ಆಳಿಸಿಕೊಳ್ಳುವವರ ಸಂಖ್ಯೆಯದು ಎಂಬುದೇ ಆ ಅಭಿಪ್ರಾಯ. ಅವನ ಗುರುವಾದ ಪ್ಲೇಟೋವಿನಲ್ಲಿ ಅದು ಕಾಣುತ್ತದೆ. ಅರಿಸ್ಟಾಟಲನ ಪ್ರಕಾರ ಇವು ಜಾತಿಯಲ್ಲಿಯೇ ಭಿನ್ನವಾದ ಅಧಿಕಾರಗಳು. ಒಡೆಯನ ಅಧಿಕಾರವು ಒಡೆಯನ ಹಿತಕ್ಕಾಗಿ; ಮನೆಯ ಯಜಮಾನಿಕೆಯು ಮನೆಯವರ ಹಿತಕ್ಕಾಗಿ; ಸ್ವತಂತ್ರರೂ ಸಮಾನರೂ ಆದವರು ಸರದಿಯಂತೆ ಆಳುತ್ತ, ಆಳಿಸಿಕೊಳ್ಳುತ್ತ ಇರುವುದೇ ರಾಜಕೀಯ ಅಧಿಕಾರ. ಈ ಲಕ್ಷಣದ ಹರಿತವು ಇಂದಿಗೂ ಮೊಂಡಾಗಿಲ್ಲ. ಇದನ್ನು ಒಪ್ಪಿದರೆ ನಿರಂಕುಶ ಪ್ರಭುತ್ವದಲ್ಲಿ ಅಧಿಕಾರವಿದ್ದರೂ ರಾಜಕಾರಣವಿಲ್ಲವೆಂದೇ ಹೇಳಬೇಕಾಗುತ್ತದೆ.

ಆದರೆ ಆ ಸಮಾನರು ಯಾರು? ಅಥೆನ್ಸಿನ ಹೆಂಗಸರಲ್ಲ, ಗುಲಾಮರಲ್ಲ, ಹೊರಗಿನಿಂದ ಬಂದು ನೆಲೆಸಿದ ‘ಮೆಟೊಯಿಕೊಸ್’ ಎಂಬ ವರ್ಗದವರೂ ಅಲ್ಲ. ಕ್ರಿ.ಪೂ. 451ರಲ್ಲಿ ಪೆರಿಕ್ಲೀಸನು ತಂದ ಕಾಯಿದೆಯ ಮೇರೆಗೆ ತಂದೆ ತಾಯಿಗಳಿಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಮಗನು ಪೌರನೆನಿಸುತ್ತಿದ್ದ. ಅರಿಸ್ಟಾಟಲನು ಉತ್ತರದ ಸ್ಟಗೈರಾ ಎಂಬ ಊರಿನವನು. ಅಥೆನ್ಸಿನಲ್ಲಿ ದೀರ್ಘಕಾಲ ನೆಲೆಸಿ, ಅಲ್ಲಿ ವಿದ್ಯಾಪೀಠವನ್ನೇ ನಡೆಸಿದರೂ ಅವನು ಪರಊರಿನವನಾಗಿಯೇ ಉಳಿದ. ಆ ವರ್ಗದವರು ಅಲ್ಲಿ ವಾಸಿಸುವುದಕ್ಕಾಗಿ ಪ್ರತ್ಯೇಕ ತೆರಿಗೆ ತೆರಬೇಕಾಗಿತ್ತು. ಸಭೆಯಲ್ಲಿ ಕೈಯೆತ್ತುವ ಹಕ್ಕು ಅವರಿಗಿರಲಿಲ್ಲ. ರಾಜಕಾರಣಕ್ಕೆ ಪಾಶ್ಚಾತ್ಯ ಜಗತ್ತಿನಲ್ಲಿ ಅತ್ಯಂತ ಪ್ರಸಿದ್ಧವಾದ ಲಕ್ಷಣವನ್ನು ಬರೆದವನು ಆ ಲಕ್ಷಣದ ಪ್ರಕಾರ ತಾನು ವಾಸಿಸಿದ ನಗರದ ರಾಜಕಾರಣದಿಂದ ಹೊರಗಿದ್ದವನು. ಅಲೆಕ್ಸಾಂಡರನ ಮರಣಾನಂತರ, ಕ್ರಿ.ಪೂ. 323ರಲ್ಲಿ, ಆ ನಗರವನ್ನು ಬಿಟ್ಟು ಹೋಗಬೇಕಾಗಿಯೂ ಬಂತು. ತನ್ನ ಈ ಸ್ಥಿತಿಯನ್ನು ಕುರಿತು ಅವನು ಗ್ರಂಥದಲ್ಲಿ ದೂರಿಲ್ಲ. ದೂರದೆ ಇದ್ದುದಷ್ಟೇ ಅಲ್ಲ, ಕೆಲವರು ಸ್ವಭಾವದಿಂದಲೇ ಗುಲಾಮರೆಂದು ವಾದಿಸಿ ಆ ಗೆರೆಯನ್ನು ಇನ್ನಷ್ಟು ದಪ್ಪ ಮಾಡಿದ. ಇದು ಆ ಮಹಾಗ್ರಂಥದ ಕಪ್ಪು ಪುಟ.

ಅರಿಸ್ಟಾಟಲನ ಶಿಷ್ಯವರ್ಗವು 158 ರಾಜ್ಯವ್ಯವಸ್ಥೆಗಳ ವಿವರಗಳನ್ನು ಸಂಗ್ರಹಿಸಿತ್ತೆಂದು ಪ್ರಾಚೀನರು ಹೇಳುತ್ತಾರೆ. ಅವೆಲ್ಲ ನಷ್ಟವಾದುವೆಂದೇ ತಿಳಿಯಲಾಗಿತ್ತು. ಈಜಿಪ್ಟಿನಿಂದ ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಂದ ಪಪೈರಸ್ ಸುರುಳಿಗಳಲ್ಲಿ ಅಥೆನ್ಸಿನ ವ್ಯವಸ್ಥೆಯನ್ನು ಕುರಿತ ಭಾಗವು ಪತ್ತೆಯಾಗಿ 1891ರಲ್ಲಿ ಮುದ್ರಣಗೊಂಡಿತು. ಅದನ್ನು ಲಿಪಿಕಾರರು ಹೊಲದ ಆಯವ್ಯಯದ ಹಳೆಯ ಲೆಕ್ಕದ ಹಾಳೆಗಳ ಬೆನ್ನಿನ ಮೇಲೆ ಬರೆದಿದ್ದರು. ಇದಾದ ಹದಿನಾಲ್ಕು ವರ್ಷಗಳಲ್ಲಿ ಮೈಸೂರಿನಲ್ಲಿ ಇಂಥದೇ ಇನ್ನೊಂದು ಶೋಧ ನಡೆಯಿತು. ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಮೈಸೂರು ಸರ್ಕಾರದ ಪ್ರಾಚ್ಯ ಪುಸ್ತಕ ಭಂಡಾರಕ್ಕೆ ಒಪ್ಪಿಸಿದ ಗ್ರಂಥಲಿಪಿಯ ತಾಳೆಗರಿಯ ಕಟ್ಟನ್ನು ಆರ್. ಶಾಮಶಾಸ್ತ್ರಿಗಳು ಓದಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. ಅಲ್ಲಿಯವರೆಗೆ ವಿದ್ವಾಂಸರಿಗೆ ಅದು ಇತರ ಗ್ರಂಥಗಳಲ್ಲಿನ ಉಲ್ಲೇಖಗಳಿಂದ ಮಾತ್ರ ಗೊತ್ತಿತ್ತು. 1905ರಿಂದ ಅನುವಾದದ ಭಾಗಗಳು ಪ್ರಕಟವಾಗತೊಡಗಿದುವು. 1909ರಲ್ಲಿ ಮೂಲವೂ 1915ರಲ್ಲಿ ಸಂಪೂರ್ಣ ಇಂಗ್ಲಿಷ್ ಅನುವಾದವೂ ಹೊರಬಂದುವು. ಗ್ರಂಥದ ಕಾಲವನ್ನು ಮೊದಲು ಕ್ರಿ.ಪೂ. 4ನೆಯ ಶತಮಾನವೆಂದು ಸಾಮಾನ್ಯವಾಗಿ ಒಪ್ಪಲಾಗಿತ್ತು. 1971ರಲ್ಲಿ ಟ್ರೌಟ್‌ಮನ್ನರು ಶೈಲಿಯ ಅಂಕಿಅಂಶಗಳಿಂದ ಅದು ಏಕಕರ್ತೃಕವಲ್ಲವೆಂದು ವಾದಿಸಿದರು. 2013ರಲ್ಲಿ ಹೊಸ ಅನುವಾದವನ್ನು ಪ್ರಕಟಿಸಿದ ಆಲಿವೆಲ್ಲರೂ ಗ್ರಂಥವನ್ನು ಮೌರ್ಯರ ತರುವಾಯದ ಶತಮಾನಗಳಿಗೆ ಇಳಿಸಿದರು. ವಾದವು ಮುಗಿದಿಲ್ಲವಾದರೂ ಇಂದಿನ ವಿದ್ವಾಂಸರ ಒಲವು ಬಹುಮಟ್ಟಿಗೆ ಈ ಕಡೆಗೇ ಇದೆ.

ಕೌಟಿಲ್ಯನ ಗ್ರಂಥವೂ ಲಕ್ಷಣದ ಜಗಳದಿಂದಲೇ ಆರಂಭವಾಗುವುದು ವಿಶೇಷ. ವಿದ್ಯೆಗಳು ಎಷ್ಟು? ಮಾನವರು ತ್ರಯೀ, ವಾರ್ತಾ, ದಂಡನೀತಿ ಎಂದು ಮೂರನ್ನು ಹೇಳಿದರು. ಬಾರ್ಹಸ್ಪತ್ಯರು ವೇದತ್ರಯಿಯು ಲೋಕವ್ಯವಹಾರವನ್ನು ಬಲ್ಲವನಿಗೆ ಒಂದು ಹೊದಿಕೆ ಮಾತ್ರವೆಂದು ಅದನ್ನು ಕೈಬಿಟ್ಟು ಎರಡನ್ನೇ ಉಳಿಸಿದರು. ಔಶನಸರು ಇನ್ನೂ ಮುಂದೆ ಹೋಗಿ ದಂಡನೀತಿಯೊಂದೇ ವಿದ್ಯೆಯೆಂದರು. ಅವರ ದೃಷ್ಟಿಯಲ್ಲಿ ಮಿಕ್ಕ ವಿದ್ಯೆಗಳೆಲ್ಲ ಅದಕ್ಕೆ ಕಟ್ಟುಬಿದ್ದಂಥವು. ಸಮಸ್ತವೂ ರಾಜಕಾರಣವೇ ಎಂಬ ಇಂದಿನ ಘೋಷಣೆಗೆ ಇವರನ್ನು ಮೂಲಪುರುಷರೆನ್ನಬಹುದು. ಕೌಟಿಲ್ಯನು ಆನ್ವೀಕ್ಷಿಕಿಯನ್ನೂ, ಎಂದರೆ ತರ್ಕಬದ್ಧ ವಿಚಾರವನ್ನೂ, ಸೇರಿಸಿ ನಾಲ್ಕೆಂದ. ದಂಡನೀತಿಯು ಅವನಿಗೆ ದೊರಕದುದನ್ನು ದೊರಕಿಸಿಕೊಳ್ಳುವ, ದೊರಕಿದುದನ್ನು ಕಾಯುವ, ಕಾಯ್ದುದನ್ನು ಬೆಳೆಸುವ, ಬೆಳೆದುದನ್ನು ಅರ್ಹರಿಗೆ ಹಂಚುವ ಶಾಸ್ತ್ರ. ಅರ್ಥವೆಂದರೆ ಮನುಷ್ಯರ ಜೀವನೋಪಾಯ, ಮನುಷ್ಯರಿರುವ ಭೂಮಿ ಎಂದು ಅವನು ಗ್ರಂಥದ ಕೊನೆಯಲ್ಲಿ ಹೇಳುತ್ತಾನೆ. ಅರಿಸ್ಟಾಟಲನು ಮನೆವಾರ್ತೆಯ ಹೊಸಿಲಾಚೆಗೆ ನಿಲ್ಲಿಸಿದ ಕೃಷಿ, ಪಶುಪಾಲನೆ, ವಾಣಿಜ್ಯಗಳು ಕೌಟಿಲ್ಯನಲ್ಲಿ ರಾಜ್ಯದ ನಡುಮನೆಗೇ ಬಂದಿವೆ. ಗಣಿ, ನೇಯ್ಗೆ, ತೂಕ, ಅಳತೆ, ಕೆರೆಯ ನೀರು ಇವುಗಳಿಗೆ ಅವನಲ್ಲಿ ಅಧ್ಯಕ್ಷರೂ ನಿಯಮಗಳೂ ಇರುವಷ್ಟು ವಿವರವು ಗ್ರೀಕ್ ಗ್ರಂಥದಲ್ಲಿ ಇಲ್ಲ. ಈ ಮಟ್ಟಿಗೆ ಅವನ ಎಲ್ಲೆಯೇ ಹೆಚ್ಚು ವಿಶಾಲವಾದುದು.

ಕೊರತೆಯಿರುವುದು ಬೇರೆಡೆ. ಮತ್ಸ್ಯನ್ಯಾಯದಿಂದ ಬೇಸತ್ತ ಜನರು ಮನುವನ್ನು ರಾಜನನ್ನಾಗಿ ಮಾಡಿಕೊಂಡು, ಧಾನ್ಯದಲ್ಲಿ ಆರನೆಯ ಒಂದು ಪಾಲು, ಸರಕಿನಲ್ಲಿ ಹತ್ತನೆಯ ಒಂದು ಪಾಲು ಕೊಡಲೊಪ್ಪಿದರು ಎಂಬ ಪ್ರಸಿದ್ಧ ಕಥೆಯು ಅರ್ಥಶಾಸ್ತ್ರದಲ್ಲಿದೆ. ಪ್ರಜೆಗಳ ಒಪ್ಪಂದದಿಂದ ರಾಜ್ಯ ಹುಟ್ಟಿತೆಂಬ ಸಿದ್ಧಾಂತಕ್ಕೆ ಇದನ್ನು ಭಾರತೀಯ ಆಧಾರವೆಂದು ಅನೇಕರು ಹೆಮ್ಮೆಯಿಂದ ಉದ್ಧರಿಸಿದ್ದಾರೆ. ಆದರೆ ಆ ಮಾತನ್ನು ಗ್ರಂಥದಲ್ಲಿ ಯಾರ ಬಾಯಿಂದ ಆಡಿಸಿದೆ ಎಂಬುದನ್ನು ಅಷ್ಟಾಗಿ ಯಾರೂ ಗಮನಿಸುವುದಿಲ್ಲ. ತೀರ್ಥಕ್ಷೇತ್ರಗಳಲ್ಲಿ, ಸಭೆಗಳಲ್ಲಿ, ಜನಸಂದಣಿಯಲ್ಲಿ ಇಬ್ಬರು ಗೂಢಚಾರರು ಜಗಳವಾಡುವಂತೆ ನಟಿಸಬೇಕು. ಒಬ್ಬನು ರಾಜನು ತೆರಿಗೆಯಿಂದ ಪೀಡಿಸುತ್ತಾನೆಂದು ದೂರಬೇಕು. ಇನ್ನೊಬ್ಬನು ಈ ಕಥೆಯನ್ನು ಹೇಳಿ ಅವನ ಬಾಯಿ ಮುಚ್ಚಿಸಬೇಕು. ಕೇಳುತ್ತ ನಿಂತವರ ಮನಸ್ಸನ್ನು ತಿಳಿದುಕೊಳ್ಳಬೇಕು ಎಂಬುದು ಅಲ್ಲಿಯ ವಿಧಿ. ಸಾರ್ವಜನಿಕ ಚರ್ಚೆ ಅರ್ಥಶಾಸ್ತ್ರಕ್ಕೆ ತಿಳಿಯದುದೇನಲ್ಲ. ತಿಳಿದಿದೆ, ಚಾರಕರ್ಮವಾಗಿ ಬಳಕೆಯಾಗಿದೆ. ಹಾಗೆಯೇ ಲಿಚ್ಛವಿ, ವೃಜಿ, ಮಲ್ಲ ಮೊದಲಾದ ಸಂಘಗಳಿಗೆ ಅದರಲ್ಲಿ ಒಂದು ಅಧಿಕರಣವೇ ಮೀಸಲಾಗಿದೆ. ವೃಜಿಗಳು ಆಗಾಗ ಸಭೆ ಸೇರಿ ಒಮ್ಮತದಿಂದ ನಡೆಯುವವರೆಗೆ ಅವರಿಗೆ ಕೇಡಿಲ್ಲವೆಂದು ಬುದ್ಧನು ಹೇಳಿದನೆಂದು ಪಾಲಿ ಗ್ರಂಥಗಳು ಸ್ಮರಿಸುತ್ತವೆ. ಅರ್ಥಶಾಸ್ತ್ರದ ಆ ಅಧಿಕರಣವು ಬಹುಪಾಲು ಹೇಳುವುದು ಅಂಥ ಒಮ್ಮತವನ್ನು ಒಡೆಯುವ ಬಗೆಯನ್ನು.

ಕರ್ನಾಟಕದ ನೀತಿಗ್ರಂಥಗಳು ಈ ಜಾಡಿನಲ್ಲಿಯೇ ಬಂದುವು. 10ನೆಯ ಶತಮಾನದ ಸೋಮದೇವಸೂರಿಯು ನೀತಿವಾಕ್ಯಾಮೃತದ ಆರಂಭದಲ್ಲಿ ಧರ್ಮಾರ್ಥಕಾಮಗಳನ್ನು ಫಲವಾಗಿ ಕೊಡುವ ರಾಜ್ಯಕ್ಕೇ ನಮಸ್ಕಾರ ಹೇಳಿದ್ದು ಒಬ್ಬ ಜೈನ ಮುನಿಯ ಲೇಖನಿಯಿಂದ ಬಂದ ಧೀರವಾದ ಮಾತು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು (ಸುಮಾರು 1129) ಐದು ವಿಂಶತಿಗಳ ಗ್ರಂಥ. ರಾಜ್ಯವನ್ನು ಪಡೆಯುವುದಕ್ಕೆ ಒಂದು, ಸ್ಥಿರಪಡಿಸುವುದಕ್ಕೆ ಒಂದು, ಉಪಭೋಗ ವಿನೋದ ಕ್ರೀಡೆಗಳಿಗೆ ಉಳಿದ ಮೂರು. ಈ ಪ್ರಮಾಣವು ತಾನೇ ಒಂದು ಲಕ್ಷಣ. 18ನೆಯ ಶತಮಾನದ ಆರಂಭದಲ್ಲಿ ಕೆಳದಿಯ ಬಸವಪ್ಪನಾಯಕನು ರಚಿಸಿದ ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ವಿಶ್ವಕೋಶದಲ್ಲಿಯೂ ರಾಜನೀತಿಯು ಅರಸನಿಗೆ ಅರಸನು ಹೇಳುವ ವಿದ್ಯೆಯಾಗಿಯೇ ಬರುತ್ತದೆ.

ಇದೇ ನಾಡಿನ ಕಲ್ಲುಗಳು ಹೇಳುವುದೇ ಬೇರೆ. 8ನೆಯ ಶತಮಾನದ ಪೂರ್ವಾರ್ಧದಲ್ಲಿ, ಮುಂದೆ ಎರಡನೆಯ ವಿಕ್ರಮಾದಿತ್ಯನೆನಿಸಿದ ಬಾದಾಮಿಯ ಯುವರಾಜನು ಪೊರಿಗೆರೆಗೆ, ಎಂದರೆ ಇಂದಿನ ಲಕ್ಷ್ಮೇಶ್ವರಕ್ಕೆ, ಕೊಟ್ಟ ಆಚಾರವ್ಯವಸ್ಥೆಯ ಶಾಸನವೊಂದಿದೆ. ಅದು ಆಜ್ಞೆಗಿಂತ ಹೆಚ್ಚಾಗಿ ಒಡಂಬಡಿಕೆಯಂತಿದೆ. ರಾಜಪುರುಷರು ಊರಿನವರಿಗೆ ಏನನ್ನು ಸಲ್ಲಿಸಬೇಕು, ಊರಿನವರು ಮನೆಯ ಅಂತಸ್ತಿಗೆ ತಕ್ಕಂತೆ ಎಷ್ಟು ತೆರಬೇಕು ಎಂಬುದನ್ನು ಅದು ಗೊತ್ತುಪಡಿಸುತ್ತದೆ. ಆ ವ್ಯವಸ್ಥೆಯನ್ನು ಪಡೆದವರು ಮಹಾಜನರು, ನಗರದವರು ಮತ್ತು ಹದಿನೆಂಟು ಪ್ರಕೃತಿಗಳು. ಈ ‘ಪ್ರಕೃತಿ’ ಎಂಬ ಶಬ್ದದ ಮೇಲೆ ಸ್ವಲ್ಪ ನಿಲ್ಲಬೇಕು. ಕೌಟಿಲ್ಯನಲ್ಲಿ ಪ್ರಕೃತಿಗಳು ಏಳು: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಅಲ್ಲಿ ಜನಪದವು ಕೋಟೆ ಬೊಕ್ಕಸಗಳ ಸಾಲಿನಲ್ಲಿ ರಾಜನ ಒಂದು ಅಂಗ. ಲಕ್ಷ್ಮೇಶ್ವರದ ಕಲ್ಲಿನ ಮೇಲೆ ಅದೇ ಶಬ್ದವು ಊರಿನ ಜನವರ್ಗಗಳ ಹೆಸರಾಗಿದೆ. ಅವರು ರಾಜನೆದುರಿಗೆ ಒಂದು ಪಕ್ಷವಾಗಿ ನಿಂತು ವ್ಯವಸ್ಥೆಯನ್ನು ಪಡೆದುಕೊಳ್ಳುತ್ತಾರೆ. ಶಾಸ್ತ್ರವು ಅಂಗವೆಂದುದನ್ನು ಶಾಸನವು ಕರ್ತೃವಾಗಿಸಿತು. ತಮಿಳುನಾಡಿನ ಉತ್ತರಮೇರೂರಿನಲ್ಲಿ ಪರಾಂತಕ ಚೋಳನ ಕಾಲದ, 919 ಮತ್ತು 921ರ ಶಾಸನಗಳು ಊರ ವಾರಿಯಗಳನ್ನು, ಎಂದರೆ ಸಮಿತಿಗಳನ್ನು, ಗಡಿಗೆಯೊಳಗಿನ ಓಲೆ ಎತ್ತಿ ಆರಿಸುವ ಕ್ರಮವನ್ನು ವಿವರಿಸುತ್ತವೆ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನೂ ಅವನ ಬಂಧುಗಳೂ ಅನರ್ಹರು. ಅಥೆನ್ಸಿನ ಚೀಟಿಯನ್ನು ನೆನೆಸುವ ಈ ಕ್ರಮವನ್ನು ಹೊಗಳುವಾಗ ಅಲ್ಲಿಯ ಅರ್ಹತೆಯ ಪಟ್ಟಿಯನ್ನೂ ಓದಬೇಕು: ಸ್ವಂತ ನಿವೇಶನದಲ್ಲಿ ಮನೆ, ತೆರಿಗೆ ತೆರುವ ಭೂಮಿ, ವೇದಮಂತ್ರಗಳ ಜ್ಞಾನ. ಅದು ಬ್ರಾಹ್ಮಣರ ಸಭೆಯ ಗೆರೆ. ಏನೇ ಇರಲಿ, ಊರು ಕೂಡಿ ನಡೆಸಿದ ಈ ವ್ಯವಹಾರಗಳನ್ನು ಯಾವ ನೀತಿಗ್ರಂಥವೂ ರಾಜನೀತಿಯೆಂದು ಕರೆಯಲಿಲ್ಲ. ಅವು ಮರ್ಯಾದೆ, ವ್ಯವಸ್ಥೆ, ಆಚಾರಗಳಾಗಿ ಉಳಿದುವು. ಶಬ್ದವು ಅರಮನೆಯಲ್ಲಿಯೇ ಉಳಿಯಿತು.

ಮೈಸೂರಿನ ತಾಳೆಗರಿಯ ಕಥೆ ಜರ್ಮನಿಯಲ್ಲಿ ಮುಂದುವರಿಯುತ್ತದೆ. 1919ರ ಜನವರಿ 28ರಂದು ಮ್ಯೂನಿಕ್ ನಗರದಲ್ಲಿ ಮ್ಯಾಕ್ಸ್ ವೆಬರನು ವಿದ್ಯಾರ್ಥಿಗಳ ಮುಂದೆ ರಾಜಕಾರಣವನ್ನು ವೃತ್ತಿಯಾಗಿ ಕುರಿತು ಉಪನ್ಯಾಸ ಕೊಟ್ಟ. ಜರ್ಮನಿಯು ಯುದ್ಧದಲ್ಲಿ ಸೋತಿತ್ತು. ಬವೇರಿಯದ ಅರಸೊತ್ತಿಗೆ ಉರುಳಿ ಎರಡೂವರೆ ತಿಂಗಳಾಗಿತ್ತು. ಕ್ರಾಂತಿಯ ಮುಖಂಡನಾದ ಐಸ್ನರನು ಇನ್ನು ನಾಲ್ಕು ವಾರಗಳೊಳಗೆ ಅದೇ ನಗರದ ಬೀದಿಯಲ್ಲಿ ಗುಂಡಿಗೆ ಬಲಿಯಾಗುವವನಿದ್ದ. ಅಂಥ ಹೊತ್ತಿನಲ್ಲಿ ವೆಬರನು ಕೊಟ್ಟ ಲಕ್ಷಣವು ಕಬ್ಬಿಣದಂತೆ ತಣ್ಣಗಿದೆ. ಗೊತ್ತಾದ ಒಂದು ಪ್ರದೇಶದೊಳಗೆ ನ್ಯಾಯಸಮ್ಮತವಾದ ಬಲಪ್ರಯೋಗದ ಏಕಸ್ವಾಮ್ಯವನ್ನು ಯಶಸ್ವಿಯಾಗಿ ಸಾಧಿಸುವ ಜನಸಮುದಾಯವೇ ರಾಜ್ಯ; ಆ ಅಧಿಕಾರದಲ್ಲಿ ಪಾಲು ಪಡೆಯಲು ಅಥವಾ ಅದರ ಹಂಚಿಕೆಯ ಮೇಲೆ ಪ್ರಭಾವ ಬೀರಲು ನಡೆಸುವ ಯತ್ನವೇ ರಾಜಕಾರಣ. ಗುರಿಯಿಂದ ರಾಜ್ಯವನ್ನು ಗುರುತಿಸಲಾಗದು, ಸಾಧನದಿಂದ ಮಾತ್ರ ಗುರುತಿಸಬಹುದೆಂಬುದು ಅವನ ವಾದ. ಆ ಉಪನ್ಯಾಸದಲ್ಲಿಯೇ ಅವನು ಅರ್ಥಶಾಸ್ತ್ರವನ್ನು ಹೆಸರಿಸಿ, ಅದರ ಮುಂದೆ ಮೆಕಿಯಾವೆಲ್ಲಿಯ ‘ಪ್ರಿನ್ಸ್’ ಗ್ರಂಥವು ನಿರಪಾಯವಾದುದೆಂದ. ಮೂಲ ಮುದ್ರಣವಾಗಿ ಹತ್ತೇ ವರ್ಷಗಳಲ್ಲಿ ಕೌಟಿಲ್ಯನು ಯುರೋಪಿನ ವಾಗ್ವಾದದೊಳಗೆ ಸೇರಿಹೋಗಿದ್ದ. ವೆಬರನು ಅವನಲ್ಲಿ ಕಂಡದ್ದು ದಂಡವನ್ನು ಮಾತ್ರ. ಕೆರೆಯನ್ನೂ ತಕ್ಕಡಿಯನ್ನೂ ಕಾಣಲಿಲ್ಲ.

ಕಾರ್ಲ್ ಶ್ಮಿಟ್ಟನು 1927ರಲ್ಲಿ ಶತ್ರು ಮಿತ್ರ ಭೇದವೇ ರಾಜಕೀಯದ ಸತ್ವವೆಂದು ಲಕ್ಷಣವನ್ನು ಇನ್ನೂ ಮೊನೆ ಮಾಡಿದ. 1933ರಲ್ಲಿ ನಾತ್ಸಿ ಪಕ್ಷವನ್ನು ಸೇರಿದ. ಕೌಟಿಲ್ಯನ ಮಂಡಲದಲ್ಲಿಯೂ ಅರಿ ಮಿತ್ರರಿದ್ದಾರಲ್ಲವೇ ಎಂದು ಕೇಳಬಹುದು. ಇದ್ದಾರೆ. ಆದರೆ ಅಲ್ಲಿ ನೆರೆಯವನು ಅರಿಯಾಗುವುದು ನೆಲೆಯ ದೆಸೆಯಿಂದ. ಪರಿಸ್ಥಿತಿ ಬದಲಾದರೆ ಅವನೊಡನೆ ಸಂಧಿಯೂ ಆಗಬಹುದು. ಅಮೆರಿಕದ ಪಂಡಿತರ ಭಾಷೆ ಇಷ್ಟು ಉಗ್ರವಲ್ಲ. 1936ರಲ್ಲಿ ಲಾಸ್‌ವೆಲ್ಲನು ಯಾರಿಗೆ ಏನು, ಎಂದು, ಹೇಗೆ ದಕ್ಕುತ್ತದೆಂಬುದೇ ರಾಜಕಾರಣವೆಂದ. 1953ರಲ್ಲಿ ಈಸ್ಟನ್ನನು ಸಮಾಜವು ಬೆಲೆಕೊಡುವ ವಸ್ತುಗಳ ಅಧಿಕಾರಯುತ ಹಂಚಿಕೆಯೆಂದು ಅದನ್ನು ಪಾರಿಭಾಷಿಕವಾಗಿ ತಿದ್ದಿದ. ಇವರಿಗೆ ಎದುರಾಗಿ ಹನ್ನಾ ಅರೆಂಟ್ 1958ರಲ್ಲಿ ಅರಿಸ್ಟಾಟಲನ ಕಡೆಗೆ ಮರಳಿ, ಸಮಾನರ ನಡುವಣ ಮಾತು ಮತ್ತು ಕೃತಿಯೇ ರಾಜಕಾರಣವೆಂದೂ, ಹೊಟ್ಟೆಬಟ್ಟೆಯ ಆವಶ್ಯಕತೆಗಳು ಆ ರಂಗವನ್ನು ಆಕ್ರಮಿಸಿದುದೇ ಆಧುನಿಕ ಕಾಲದ ಅನರ್ಥವೆಂದೂ ವಾದಿಸಿದರು. ಹಿಟ್ಲರನ ಜರ್ಮನಿಯಿಂದ ಪಾರಾಗಿ, ಎಷ್ಟೋ ವರ್ಷ ಯಾವ ರಾಜ್ಯದ ಪೌರತ್ವವೂ ಇಲ್ಲದೆ ಬಾಳಿದ ಆಕೆಗೆ ಪೌರನ ಮಾತಿನ ಬೆಲೆ ತಿಳಿದಿತ್ತು. ಆದರೂ ಹೊಟ್ಟೆಬಟ್ಟೆಯನ್ನು ಹೊರಗಿಡುವ ಲಕ್ಷಣವು ಹಸಿದವರಿಗೆ ಒಪ್ಪಿಗೆಯಾಗುವುದು ಕಷ್ಟ. ಇವುಗಳಲ್ಲಿ ಯಾವುದು ಸರಿಯೆಂಬುದನ್ನು ಪುಸ್ತಕದೊಳಗೆ ಪರೀಕ್ಷಿಸುವುದಕ್ಕಿಂತ ಚರಿತ್ರೆಯ ಒಂದು ಘಟನೆಯ ಮೇಲೆ ಹಚ್ಚಿ ನೋಡುವುದು ಲೇಸು. ಅಂಥ ಘಟನೆ ಭಾರತದಲ್ಲಿಯೇ ದೊರೆಯುತ್ತದೆ.

ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರು 1881ರ ಅಕ್ಟೋಬರ್ 7ರಂದು ದಸರೆಯ ಸಂದರ್ಭದಲ್ಲಿ 144 ಜನರ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಸರ್ಕಾರದ ವರದಿಯನ್ನು ಕೇಳುವುದು, ತಮ್ಮ ಕುಂದುಕೊರತೆಗಳನ್ನು ಅರಿಕೆ ಮಾಡುವುದು ಅವರ ಕೆಲಸ; ನಿರ್ಣಯದ ಅಧಿಕಾರವಿರಲಿಲ್ಲ. ನಾಲ್ಕು ವರ್ಷಗಳ ತರುವಾಯ ಸ್ಥಾಪಿತವಾದ ಕಾಂಗ್ರೆಸ್ಸು ಅದಕ್ಕಿಂತ ದೊಡ್ಡ ಹಕ್ಕನ್ನು ಕೇಳಿತು. ಆದರೆ 1886ರ ಕಲ್ಕತ್ತೆಯ ಅಧಿವೇಶನದಲ್ಲಿ ಅಧ್ಯಕ್ಷರಾದ ದಾದಾಭಾಯಿ ನವರೋಜಿಯವರು ಸಂಸ್ಥೆಯ ಎಲ್ಲೆಯನ್ನೂ ಗೊತ್ತುಪಡಿಸಿದರು. ಇಡೀ ರಾಷ್ಟ್ರಕ್ಕೆ ನೇರವಾಗಿ ಸಂಬಂಧಿಸಿದ ರಾಜಕೀಯ ಪ್ರಶ್ನೆಗಳು ಮಾತ್ರ ಕಾಂಗ್ರೆಸ್ಸಿನವು; ಸಮಾಜ ಸುಧಾರಣೆಯು ಆಯಾ ವರ್ಗದವರ ಸಭೆಗಳಿಗೆ ಬಿಟ್ಟದ್ದು. ಹೊಸದಾಗಿ ಹುಟ್ಟಿದ ಸಂಸ್ಥೆಯು ಒಡೆಯಬಾರದೆಂಬ ಕಾಳಜಿ ಅದರ ಹಿಂದಿತ್ತೆಂಬುದನ್ನು ಒಪ್ಪಬೇಕು. ಆ ಕೊರತೆಯನ್ನು ತುಂಬಲು ರಾನಡೆಯವರು 1887ರಿಂದ ಸಾಮಾಜಿಕ ಪರಿಷತ್ತನ್ನು ಕಾಂಗ್ರೆಸ್ಸಿನ ಚಪ್ಪರದಲ್ಲಿಯೇ ನಡೆಸುತ್ತ ಬಂದರು. 1895ರಲ್ಲಿ ಪುಣೆಯ ಅಧಿವೇಶನದ ಹೊತ್ತಿಗೆ ತಿಲಕರ ಅನುಯಾಯಿಗಳಿಂದ ವಿರೋಧ ಎಷ್ಟು ಬಲವಾಯಿತೆಂದರೆ ಪರಿಷತ್ತು ಚಪ್ಪರವನ್ನು ಬಿಟ್ಟು ಹೊರಗೆ ಹೋಗಬೇಕಾಯಿತು. ಒಂದು ಶಬ್ದದ ಅರ್ಥವು ಚಪ್ಪರದ ಗೂಟಗಳಿಂದ ನಿರ್ಣಯವಾದ ಸಂದರ್ಭವಿದು. ಬಾಲ್ಯವಿವಾಹ, ವಿಧವೆಯರ ಪಾಡು, ಅಸ್ಪೃಶ್ಯತೆ ಇವು ‘ಸಾಮಾಜಿಕ’ವಾಗಿ ಹೊರಗುಳಿದುವು, ಲೋಕಸೇವಾ ಪರೀಕ್ಷೆಗಳು ಇಂಗ್ಲೆಂಡಿನಲ್ಲಿ ನಡೆಯಬೇಕೋ ಭಾರತದಲ್ಲಿಯೂ ನಡೆಯಬೇಕೋ ಎಂಬುದು ‘ರಾಜಕೀಯ’ವಾಗಿ ಒಳಗುಳಿಯಿತು. 1936ರ ತಮ್ಮ ಜಾತಿವಿನಾಶದ ಪ್ರಬಂಧದಲ್ಲಿ ಡಾ. ಅಂಬೇಡ್ಕರರು ಈ ಘಟನೆಯನ್ನೇ ಎತ್ತಿಕೊಂಡು, ಅಂದು ಗೆದ್ದವರನ್ನು ಪ್ರಶ್ನಿಸಿದ್ದಾರೆ.

ಅವರ ಪ್ರಶ್ನೆಯು ಪುಸ್ತಕದಿಂದ ಹುಟ್ಟಿದ್ದಲ್ಲ. ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರೂ ಬಳಸಬಹುದೆಂದು ಮುಂಬಯಿಯ ಶಾಸನಸಭೆಯು 1923ರಲ್ಲಿ ಬೋಲೆಯವರ ಸೂಚನೆಯ ಮೇಲೆ ನಿರ್ಣಯಿಸಿತ್ತು. ಮಹಾಡದ ಪುರಸಭೆಯೂ ತನ್ನ ಚವದಾರ ಕೆರೆಯನ್ನು ತೆರೆದಿರುವುದಾಗಿ ಗೊತ್ತುವಳಿ ಮಾಡಿತು. ಗೊತ್ತುವಳಿ ಕಾಗದದಲ್ಲಿತ್ತು, ನೀರು ಕೆರೆಯಲ್ಲಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಆ ನೀರನ್ನು ಕುಡಿದರು. ತರುವಾಯ ಅವರ ಮೇಲೆ ಹಲ್ಲೆಯಾಯಿತು, ಕೆರೆಯ ಶುದ್ಧೀಕರಣವಾಯಿತು, ಮೊಕದ್ದಮೆ ನಡೆಯಿತು. ಮುಂಬಯಿ ಉಚ್ಚ ನ್ಯಾಯಾಲಯದ ತೀರ್ಪು ಅವರ ಪರವಾಗಿ ಬಂದದ್ದು 1937ರಲ್ಲಿ. ಮೇಲಿನ ಲಕ್ಷಣಗಳನ್ನು ಇದರ ಮೇಲೆ ಹಚ್ಚಿದರೆ ನವರೋಜಿಯವರ ಗೆರೆಯ ಪ್ರಕಾರ ಇದು ರಾಜಕಾರಣವಲ್ಲ. ವೆಬರನ ಲಕ್ಷಣದಲ್ಲಿ ಇದು ಅಂಚಿನ ವಿಷಯ. ಏಕೆಂದರೆ ಇಲ್ಲಿ ತಡೆಯಾಗಿದ್ದುದು ಸರ್ಕಾರದ ಬಲವಲ್ಲ, ಸರ್ಕಾರದ ಅನುಮತಿಯನ್ನೂ ಮೀರಿ ನಿಂತ ಊರಿನ ಬಲ. ಆಕೆಯ ಲಕ್ಷಣವನ್ನು ಕಟ್ಟುನಿಟ್ಟಾಗಿ ಹಿಡಿದರೆ ಅರೆಂಟರಿಗೂ ತೊಡಕು. ಕುಡಿಯುವ ನೀರು ದೇಹದ ಆವಶ್ಯಕತೆ, ಆದರೆ ಆ ನಡಿಗೆಯು ಸಮಾನತೆಯನ್ನು ಸಾರಿದ ಕೃತಿ. ಲಾಸ್‌ವೆಲ್ಲನ ಒರಟಾದ ಪ್ರಶ್ನೆಗೆ ಮಾತ್ರ ಇದು ಸಲೀಸಾಗಿ ಒದಗುತ್ತದೆ. ಅದೂ ಪೂರ್ಣವಾಗಿ ಅಲ್ಲ; ಅಂದು ಕುಡಿದವರಿಗೆ ಬೇಕಾದದ್ದು ಬೊಗಸೆ ನೀರು ಮಾತ್ರವೇ ಆಗಿರಲಿಲ್ಲ. ಸಂವಿಧಾನ ಸಭೆಯಲ್ಲಿ 1949ರ ನವೆಂಬರ್ 25ರಂದು ಮಾತನಾಡುತ್ತ, ರಾಜಕೀಯದಲ್ಲಿ ಸಮಾನತೆಯೂ ಸಾಮಾಜಿಕ ಆರ್ಥಿಕ ಜೀವನದಲ್ಲಿ ಅಸಮಾನತೆಯೂ ಇರುವ ವಿರೋಧಾಭಾಸದೊಳಕ್ಕೆ ದೇಶವು ಕಾಲಿಡುತ್ತಿದೆಯೆಂದು ಅಂಬೇಡ್ಕರರು ಎಚ್ಚರಿಸಿದಾಗ 1895ರ ಚಪ್ಪರದ ಗೂಟಗಳನ್ನೇ ಅವರು ಕೀಳುತ್ತಿದ್ದರು.

ಮನೆಯ ಹೊಸಿಲಿನ ಗೆರೆ ಇನ್ನೂ ಉಳಿದಿತ್ತು. 1970ರಲ್ಲಿ ಅಮೆರಿಕದ ಕರೋಲ್ ಹ್ಯಾನಿಷ್ ಅವರ ಲೇಖನವೊಂದು, ಖಾಸಗಿಯೆನಿಸಿದ ಬಾಳೂ ರಾಜಕೀಯವೇ ಎಂಬರ್ಥದ ಶೀರ್ಷಿಕೆಯಡಿ ಪ್ರಕಟವಾಗಿ ಆ ಹೊಸಿಲನ್ನು ಅಲುಗಿಸಿತು. ಶೀರ್ಷಿಕೆಯನ್ನು ಕೊಟ್ಟವರು ಲೇಖಕಿಯಲ್ಲ, ಸಂಪಾದಕಿಯರು. ಅಡಿಗೆ, ಮಕ್ಕಳ ಪಾಲನೆ, ದೇಹ ಇವುಗಳ ಮೇಲಿನ ಅಧಿಕಾರವನ್ನು ಪ್ರಶ್ನಿಸಿದ ಆ ವಾದವು ಅರಿಸ್ಟಾಟಲನ ಮೊದಲ ವಿಭಾಗಕ್ಕೇ ಕೈಹಾಕಿತು. ಕರ್ನಾಟಕದಲ್ಲಿ ಆ ಗೆರೆ ಸರಿದದ್ದು ಲೇಖನದಿಂದಲ್ಲ, ಕಾಯಿದೆಯಿಂದ. 1983ರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಕಾಯಿದೆಯು ಮಹಿಳೆಯರಿಗೆ ಶೇಕಡ 25 ಸ್ಥಾನಗಳನ್ನು ಮೀಸಲಿಟ್ಟಿತು. 1987ರ ಜನವರಿಯಲ್ಲಿ ಅದರಂತೆ ಚುನಾವಣೆಗಳು ನಡೆದುವು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ದೇಶಾದ್ಯಂತ ಮೂರನೆಯ ಒಂದು ಪಾಲನ್ನು ಗೊತ್ತುಪಡಿಸುವುದಕ್ಕೆ ಇದು ಆರು ವರ್ಷ ಮುಂಚಿನ ಮಾತು. ಕರ್ನಾಟಕದ ಆ ಕಾಯಿದೆಯನ್ನು ಮುಂದೆ ನಿಂತು ನಡೆಸಿಕೊಟ್ಟ ಸಚಿವರು ಅಬ್ದುಲ್ ನಜೀರ್ ಸಾಬರು. ಅಧಿಕಾರ ವಿಕೇಂದ್ರೀಕರಣದ ಚರ್ಚೆಗಳಲ್ಲಿ ವಿದ್ವಾಂಸರು ಅವರನ್ನು ಕಾಯಿದೆಯಿಂದ ಗುರುತಿಸುತ್ತಾರೆ. ಬರಗಾಲದ ಹಳ್ಳಿಗಳಿಗೆ ಕೊಳವೆಬಾವಿಗಳನ್ನು ಹಾಕಿಸಿಕೊಟ್ಟವರೆಂದು ಜನರು ಅವರಿಗಿಟ್ಟ ಹೆಸರು ‘ನೀರ್ ಸಾಬ್’.